ಈ ಹಾಡು ಯಾರದು? ಕವರ್ ವರ್ಷನ್‌ಗಳ ಹಿಂದಿನ ಕಥೆ

2008ರ ಕ್ರಿಸ್‌ಮಸ್ ವಾರ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ‘ಹಲ್ಲೆಲೂಯ’. ಎರಡನೇ ಸ್ಥಾನದಲ್ಲಿದ್ದದ್ದೂ ‘ಹಲ್ಲೆಲೂಯ’. 36ನೇ ಸ್ಥಾನದಲ್ಲೂ ಅದೇ ಹಾಡು. ಮೊದಲನೆಯದನ್ನು ಹಾಡಿದವರು ಆಗಷ್ಟೇ ಟಿವಿ ಸ್ಪರ್ಧೆಯೊಂದನ್ನು ಗೆದ್ದಿದ್ದ ಅಲೆಕ್ಸಾಂಡ್ರಾ ಬರ್ಕ್. ಎರಡನೆಯದು ಹನ್ನೊಂದು ವರ್ಷದ ಹಿಂದೆಯೇ ತೀರಿಹೋಗಿದ್ದ ಜೆಫ್ ಬಕ್ಲಿಯವರ ದನಿ. 36ನೆಯದು ಹಾಡನ್ನು ಬರೆದ ಲೆನರ್ಡ್ ಕೋಹೆನ್ ಅವರದೇ. ಬರೆದವರಿಗೇ ಕೊನೆಯ ಪಂಕ್ತಿ! ಹೀಗೆ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿದ್ದಕ್ಕೆ ಕವರ್ ಎನ್ನುತ್ತಾರೆ.

ಇದರಲ್ಲಿ ಒರಿಜಿನಲ್ ಯಾವುದು ಎಂದರೆ ಕೋಹೆನ್ ಅವರದು ಎಂದು ಯಾರಾದರೂ ಹೇಳಿಬಿಡುತ್ತಾರೆ. ಸರಿಯೇ. ಆದರೆ ಬಕ್ಲಿ ಹಾಡಿದ್ದು ಆ ಒರಿಜಿನಲ್ ಅನ್ನಲ್ಲ, ಮಧ್ಯೆ ಇನ್ನೊಬ್ಬರು ತಿದ್ದಿ ಹಾಡಿದ್ದನ್ನು. ಹೀಗಾಗಿ ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ನಾವು ಬಾಯಿಮಾತಿಗೆ ‘ಹಾಡು’ ಎನ್ನುವುದರಲ್ಲಿ ಸಾಹಿತ್ಯ ಬೇರೆ, ಮಟ್ಟು ಬೇರೆ. ಆ ಮಟ್ಟಿಗೆ ಯಾವ ವಾದ್ಯ, ಎಷ್ಟು ವೇಗ, ಎಲ್ಲಿ ಮೌನ ಎಂಬ ಸಂಯೋಜನೆ ಬೇರೆ. ಇವೆಲ್ಲ ಕೂಡಿ ಒಂದು ದಿನ ಒಂದು ಸ್ಟುಡಿಯೋದಲ್ಲಿ ಆದ ರೆಕಾರ್ಡಿಂಗ್ ಇನ್ನೂ ಬೇರೆ. ಕಿವಿಗೆ ಎಲ್ಲ ಒಂದೇ ಎಂದು ಕೇಳಿಸಿದರೂ ಇವನ್ನು ಬಿಡಿಬಿಡಿಯಾಗಿ ತೆಗೆಯಬಹುದು, ಬದಲಿಸಬಹುದು, ಮಾರಲೂಬಹುದು. ಅರ್ಥ ಯಾಕೆ ಬದಲಾಯಿತು, ದುಡ್ಡು ಯಾರ ಜೇಬು ಸೇರಿತು, ಕೋರ್ಟು ಮೆಟ್ಟಿಲು ಯಾರು ಹತ್ತಿದರು ಎಂಬ ಕಥೆಗಳನ್ನೆಲ್ಲ ಜಾಲಾಡಿದರೆ ಕೊನೆಗೆ ಸಿಗುವುದು ಒಂದೇ: ಯಾವ ಭಾಗ ಯಾರ ಕೈಗೆ ಹೋಯಿತು ಎಂಬುದು.

ಹದಿನೈದು ಪುಟಗಳ ಫ್ಯಾಕ್ಸ್

ಕೋಹೆನ್ ಈ ಹಾಡಿಗಾಗಿ ವರ್ಷಗಟ್ಟಲೆ ತಿಣುಕಿದರು. ಚರಣದ ಮೇಲೆ ಚರಣ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಕೊನೆಗೆ ನಾಲ್ಕನ್ನು ಉಳಿಸಿಕೊಂಡು 1984ರಲ್ಲಿ ‘ವೇರಿಯಸ್ ಪೊಸಿಷನ್ಸ್’ ಆಲ್ಬಂಗೆ ರೆಕಾರ್ಡ್ ಮಾಡಿದರು. ಅವರ ಕಂಪನಿ ಕೊಲಂಬಿಯಾ ಆ ಆಲ್ಬಂ ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಒಪ್ಪಲೇ ಇಲ್ಲ. ಇದನ್ನು ಈಗ ಎಲ್ಲರೂ ಕಂಪನಿಯ ಮೂರ್ಖತನ ಎಂದು ಆಡಿಕೊಳ್ಳುತ್ತಾರೆ. ಆ ಮೊದಲ ರೆಕಾರ್ಡಿಂಗ್ ಕೇಳಿದಾಗಲೆಲ್ಲ ನನಗೆ ಮಾತ್ರ ಕಂಪನಿಯವರ ಮೇಲೆ ಅಷ್ಟೇನೂ ಸಿಟ್ಟು ಬರುವುದಿಲ್ಲ. ಸಿಂಥಸೈಜರ್, ಹಿಂದೆ ದೊಡ್ಡ ಗುಂಪುಗಾಯನ, ಅದರ ಮುಂದೆ ಹಾಡುವುದಕ್ಕಿಂತ ಹೆಚ್ಚಾಗಿ ಮಾತಾಡುವ ದನಿ. ಹಾಡು ಒಳಗೆಲ್ಲೋ ಇದೆ, ಎದ್ದು ಬರುತ್ತಿಲ್ಲ.

ಹಾಗಂತ ಕಟ್ಟಡ ಗಟ್ಟಿಯಾಗಿಯೇ ಇತ್ತು. ಮೊದಲ ಚರಣದಲ್ಲಿ ಬೈಬಲ್ಲಿನ ಅರಸ ದಾವೀದ ದೇವರ ಮುಂದೆ ನುಡಿಸಿದ ಗುಟ್ಟಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಒಂದರ ಮಾತು ಬರುತ್ತದೆ. ಅದು ಹೇಗೆ ಸಾಗುತ್ತದೆ ಎಂದು ಸಾಲು ತಾನೇ ವಿವರಿಸುತ್ತದೆ: ನಾಲ್ಕನೆಯದು, ಐದನೆಯದು, ಮೈನರ್‌ಗೆ ಇಳಿತ, ಮೇಜರ್‌ಗೆ ಏರಿಕೆ (ಮೈನರ್ ಎಂದರೆ ತುಸು ಮಂಕು ಛಾಯೆಯ ಕಾರ್ಡ್, ಮೇಜರ್ ಎಂದರೆ ಬೆಳಕಿನ ಛಾಯೆಯದು). ಪಾಶ್ಚಾತ್ಯ ಪದ್ಧತಿಯಲ್ಲಿ ಷಡ್ಜದಿಂದ ಎಣಿಸಿ ಕಾರ್ಡ್‌ಗಳಿಗೆ ಅಂಕಿ ಕೊಡುತ್ತಾರೆ, ನಮ್ಮ ಲೆಕ್ಕದಲ್ಲಿ ನಾಲ್ಕನೆಯದು ಮಧ್ಯಮ, ಐದನೆಯದು ಪಂಚಮ. ಕೋಹೆನ್ ‘ನಾಲ್ಕನೆಯದು’ ಎಂದಾಗ ಹಿನ್ನೆಲೆಯಲ್ಲಿ ಬೀಳುವುದು ಮಧ್ಯಮದ ಮೇಲೆ ಕಟ್ಟಿದ ಕಾರ್ಡೇ. ‘ಐದನೆಯದು’ ಎಂದಾಗ ಪಂಚಮದ ಮೇಲಿನದು. ‘ಮೈನರ್’ ಎಂದಾಗ ಮೈನರ್ ಕಾರ್ಡೇ. ಕರ್ನಾಟಕ ಸಂಗೀತದ ಸ್ವರಾಕ್ಷರ, ಅಂದರೆ ಸಾಹಿತ್ಯದ ಅಕ್ಷರವೂ ಹಾಡುವ ಸ್ವರವೂ ಒಂದೇ ಆಗುವ ಚಮತ್ಕಾರ ಗೊತ್ತಿದ್ದವರಿಗೆ ಇದರ ಸೊಗಸು ಬಿಡಿಸಿ ಹೇಳಬೇಕಾಗಿಲ್ಲ. ಈ ಹಾಡನ್ನು ಯಾರು ಎಷ್ಟೇ ತಿರುಚಿ ಹಾಡಲಿ, ಆ ಜಾಗದ ಕಾರ್ಡ್‌ಗಳನ್ನು ಮುಟ್ಟಲು ಮನಸ್ಸು ಬರುವುದಿಲ್ಲ. ಮುಟ್ಟಿದರೆ ಸಾಲು ಸುಳ್ಳಾಗುತ್ತದೆ.

ಆಲ್ಬಂ ಸೋತಮೇಲೂ ಕೋಹೆನ್ ಕಛೇರಿಗಳಲ್ಲಿ ಇದನ್ನು ಹಾಡುತ್ತಲೇ ಇದ್ದರು, ಆದರೆ ರೆಕಾರ್ಡಿನಲ್ಲಿಲ್ಲದ ಬೇರೆ ಚರಣಗಳನ್ನು ಇಟ್ಟುಕೊಂಡು. ಅಂಥದೊಂದು ಕಛೇರಿಯನ್ನು ಕೇಳಿದವರು ವೇಲ್ಸ್‌ನ ಸಂಗೀತಗಾರ ಜಾನ್ ಕೇಲ್. ಫ್ರಾನ್ಸಿನ ಪತ್ರಿಕೆಯೊಂದು 1991ರಲ್ಲಿ ಕೋಹೆನ್ ಹಾಡುಗಳನ್ನು ಬೇರೆಬೇರೆಯವರಿಂದ ಹಾಡಿಸಿ ಆಲ್ಬಂ ತಂದಾಗ ಕೇಲ್ ಈ ಹಾಡನ್ನು ಆರಿಸಿಕೊಂಡು, ಸಾಹಿತ್ಯ ಕಳಿಸಿ ಎಂದು ಕೋಹೆನ್‌ಗೆ ಹೇಳಿಕಳಿಸಿದರು. ಫ್ಯಾಕ್ಸ್ ಯಂತ್ರದಿಂದ ಹೊರಬಂದದ್ದು ಹದಿನೈದು ಪುಟ!

ಕೇಲ್ ರೆಕಾರ್ಡಿನ ಮೊದಲ ಎರಡು ಚರಣ ಉಳಿಸಿಕೊಂಡರು, ಕಛೇರಿಯ ಮೂರು ಚರಣ ಸೇರಿಸಿದರು, ರೆಕಾರ್ಡಿನ ಕೊನೆಯ ಎರಡನ್ನು ಕೈಬಿಟ್ಟರು. ವಾದ್ಯ ಎಂದರೆ ಬರೀ ಪಿಯಾನೋ. ಕೈಬಿಟ್ಟದ್ದರಲ್ಲಿ ಕೋಹೆನ್ ಅವರ ಮುಕ್ತಾಯವೂ ಹೋಯಿತು. ಕೈಲಾದಷ್ಟು ಮಾಡಿದ್ದೇನೆ, ಎಲ್ಲ ಕೆಟ್ಟುಹೋದರೂ ಹಾಡಿನ ಒಡೆಯನ ಮುಂದೆ ನಿಂತು ಸ್ತುತಿಯನ್ನೇ, ಅಂದರೆ ಹಲ್ಲೆಲೂಯವನ್ನೇ, ಹಾಡುತ್ತೇನೆ ಎನ್ನುವ ಚರಣ ಅದು. ಅದರ ಜಾಗದಲ್ಲಿ ಬಂದದ್ದು ಪ್ರೀತಿ ಒಂದು ವಿಜಯಯಾತ್ರೆಯಲ್ಲ, ತಣ್ಣಗಿನ ಮುರುಕು ಸ್ತುತಿ ಎನ್ನುವ ಚರಣಗಳು. ದೇವರ ಕಡೆ ಮುಖ ಮಾಡಿದ್ದ ಹಾಡು ಇಬ್ಬರು ಮನುಷ್ಯರ ಕಡೆ ತಿರುಗಿತು. ಬಕ್ಲಿ 1994ರ ‘ಗ್ರೇಸ್’ ಆಲ್ಬಂನಲ್ಲಿ ಎತ್ತಿಕೊಂಡದ್ದು ಕೇಲ್ ಆರಿಸಿದ ಈ ಐದು ಚರಣಗಳನ್ನೇ, ಪಿಯಾನೋ ಬದಲು ಒಂದೇ ಗಿಟಾರ್ ಇಟ್ಟುಕೊಂಡು. 1997ರಲ್ಲಿ ಮೆಂಫಿಸ್ಸಿನ ನದಿಯೊಂದರಲ್ಲಿ ಮುಳುಗಿ ಅವರು ಸತ್ತಾಗ ವಯಸ್ಸು ಮೂವತ್ತು. ಆಮೇಲೆ ಆ ದನಿಯನ್ನು ಯಾರೂ ಸಾವನ್ನು ಬಿಟ್ಟು ಕೇಳಿಸಿಕೊಳ್ಳಲಿಲ್ಲ, ಹಾಡಿಗೆ ಇನ್ನೊಂದು ಅರ್ಥ ಅಂಟಿತು. 2001ರಲ್ಲಿ ‘ಶ್ರೆಕ್’ ಎಂಬ ಮಕ್ಕಳ ಸಿನಿಮಾದೊಳಗೆ ಕೇಲ್ ದನಿ ಬಂತು, ಅದೇ ಸಿನಿಮಾದ ಹಾಡುಗಳ ಆಲ್ಬಂನಲ್ಲಿ ಮಾತ್ರ ರೂಫಸ್ ವೇನ್‌ರೈಟ್ ದನಿ. ಮದುವೆ, ಶವಸಂಸ್ಕಾರ, ಟಿವಿ ಸ್ಪರ್ಧೆ ಎಲ್ಲದಕ್ಕೂ ಒಗ್ಗುವ ಹಾಡಾಗಿಬಿಟ್ಟಿತು. ತುಂಬಾ ಜನ ಹಾಡುತ್ತಿದ್ದಾರೆ ಅನ್ನಿಸುತ್ತದೆ ಎಂದು 2009ರ ಹೊತ್ತಿಗೆ ಸ್ವತಃ ಕೋಹೆನ್ ಹೇಳುವಂತಾಯಿತು.

ಬಾಯಿ ಬದಲಾದರೆ

ಓಟಿಸ್ ರೆಡಿಂಗ್ 1965ರಲ್ಲಿ ‘ರೆಸ್ಪೆಕ್ಟ್’ ಬರೆದು ಹಾಡಿದಾಗ ಅದು ದುಡಿದು ಮನೆಗೆ ಬರುವ ಗಂಡಸೊಬ್ಬನ ಅಹವಾಲು. ದುಡ್ಡು ತಂದುಹಾಕುತ್ತೇನೆ, ಮನೆಗೆ ಬಂದಾಗ ಒಂದಿಷ್ಟು ಮರ್ಯಾದೆ ಕೊಡು ಎಂಬ ಮಾತು. 1967ರ ಫೆಬ್ರವರಿ 14ರಂದು ಅರೀತಾ ಫ್ರಾಂಕ್ಲಿನ್ ಅದನ್ನೇ ರೆಕಾರ್ಡ್ ಮಾಡಿದರು. ಈಗ ಕೇಳುತ್ತಿರುವವಳು ಹೆಂಗಸು, ಅದೂ ಅಮೆರಿಕದಲ್ಲಿ ಕರಿಯರು ಹಕ್ಕಿಗಾಗಿ ಬೀದಿಗಿಳಿದಿದ್ದ ವರ್ಷಗಳಲ್ಲಿ. ಅಹವಾಲು ಹೋಗಿ ತಾಕೀತಾಯಿತು. ಇಂದು ಆ ಹಾಡು ಎಂದರೆ ಎಲ್ಲರ ಬಾಯಿಗೆ ಬರುವುದು ಆ ಪದದ ಒಂದೊಂದೇ ಅಕ್ಷರವನ್ನು ಬಿಡಿಸಿ ಕೂಗುವ ಭಾಗ ತಾನೇ? ರೆಡಿಂಗ್ ಹಾಡಿದ್ದರಲ್ಲಿ ಅದು ಇಲ್ಲವೇ ಇಲ್ಲ. ಅದೇ ವರ್ಷ ಜೂನ್‌ನಲ್ಲಿ ಮಾಂಟೆರೆ ಸಂಗೀತೋತ್ಸವದ ವೇದಿಕೆ ಮೇಲೆ ರೆಡಿಂಗ್, ಹುಡುಗಿಯೊಬ್ಬಳು ನನ್ನ ಹಾಡನ್ನು ಎತ್ತಿಕೊಂಡುಹೋದಳು ಎಂದು ನಗುತ್ತ ಹೇಳಿದರು. ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

‘ಹರ್ಟ್’ ಹಾಡಿನದೂ ಇದೇ ಜಾತಿಯ ಕಥೆ. 1994ರಲ್ಲಿ ‘ನೈನ್ ಇಂಚ್ ನೇಲ್ಸ್’ ತಂಡದ ಟ್ರೆಂಟ್ ರೆಝ್ನರ್ ಬರೆದಾಗ ಅದು ಮೂವತ್ತು ತುಂಬದವನೊಬ್ಬನ ಆತ್ಮದ್ವೇಷ. 2002ರಲ್ಲಿ ಜಾನಿ ಕ್ಯಾಶ್ ಹಾಡಿದಾಗ ಅವರಿಗೆ ಎಪ್ಪತ್ತು, ಕಾಯಿಲೆಯ ದೇಹ. ಬದಲಾದದ್ದು ಹೆಚ್ಚುಕಮ್ಮಿ ಒಂದು ಪದ, ಹೊಲಸಿನ ಕಿರೀಟ ಇದ್ದದ್ದು ಮುಳ್ಳಿನ ಕಿರೀಟವಾಯಿತು. ಮರುವರ್ಷ ಕ್ಯಾಶ್ ಇರಲಿಲ್ಲ. ಕ್ಯಾಶ್ ಹಾಡಿದ ವೀಡಿಯೊ ನೋಡಿದ ಮೇಲೆ ಈ ಹಾಡು ಇನ್ನು ನನ್ನದಲ್ಲ ಅನ್ನಿಸಿತು ಎಂದು ರೆಝ್ನರ್ ಹೇಳಿಕೊಂಡಿದ್ದಾರೆ.

ಮಟ್ಟು ಒಂದು, ಮಾತು ಇನ್ನೊಂದು

ಸಾಹಿತ್ಯವನ್ನೇ ಪೂರ್ತಿ ಕಿತ್ತುಹಾಕಿದ ಉದಾಹರಣೆಗೆ ಫ್ರಾಂಕ್ ಸಿನಾತ್ರಾ ಅವರ ‘ಮೈ ವೇ’ಗಿಂತ ದೊಡ್ಡದು ಬೇಡ. ಅದರ ಮಟ್ಟು 1967ರಲ್ಲಿ ಕ್ಲೋಡ್ ಫ್ರಾನ್ಸ್ವಾ ಹಾಡಿದ ಫ್ರೆಂಚ್ ಹಾಡಿನದು. ಅಲ್ಲಿ ಕಥೆ ಪ್ರೀತಿ ಆರಿಹೋದ ಗಂಡುಹೆಣ್ಣಿನದು: ಏಳುವುದು, ಹೊದಿಸುವುದು, ಕಾಯುವುದು, ನಟಿಸುವುದು, ಎಲ್ಲ ಎಂದಿನ ಹಾಗೆ. ಆಗಿನ್ನೂ ಹೆಸರು ಮಾಡದ ಡೇವಿಡ್ ಬೋವಿ ಇದಕ್ಕೆ ಇಂಗ್ಲಿಷ್ ಸಾಹಿತ್ಯ ಬರೆದುಕೊಟ್ಟರು, ಅದು ತಿರಸ್ಕೃತವಾಯಿತು. ಆಮೇಲೆ ಪಾಲ್ ಆಂಕಾ ಹಕ್ಕು ಪಡೆದು ಸಿನಾತ್ರಾಗಾಗಿ ಹೊಸ ಮಾತು ಬರೆದರು. ಬಾಳಿನ ಕೊನೆಗೆ ನಿಂತು, ಎಲ್ಲವನ್ನೂ ನನ್ನಿಷ್ಟದಂತೆ ಮಾಡಿದೆ ಎಂದು ಎದೆತಟ್ಟಿಕೊಳ್ಳುವವನ ಮಾತು. 1968ರ ಡಿಸೆಂಬರ್ 30ರಂದು ರೆಕಾರ್ಡ್ ಆಯಿತು. ಒಂದೇ ಮಟ್ಟು ದಾಂಪತ್ಯದ ಬೇಸರವನ್ನೂ ಹೊರುತ್ತದೆ, ಗಂಡಸಿನ ಅಹಂಕಾರವನ್ನೂ ಹೊರುತ್ತದೆ ಎಂದರೆ ಮಟ್ಟಿಗೆ ಸ್ವಂತ ಅರ್ಥ ಎಷ್ಟಿದ್ದೀತು ಎಂಬ ಅನುಮಾನ ಬರುತ್ತದೆ. ಬೋವಿ ಮುನಿಸಿಕೊಂಡು ಸುಮ್ಮನೆ ಕೂರಲಿಲ್ಲ, ಅಂಥದೇ ಕಾರ್ಡ್‌ಗಳ ಮೇಲೆ ‘ಲೈಫ್ ಆನ್ ಮಾರ್ಸ್?’ ಕಟ್ಟಿದರು. ನನ್ನನ್ನು ಕೇಳಿದರೆ ಮೂರರಲ್ಲಿ ಅದೇ ಮೇಲು.

ಇದರ ತಿರುವುಮುರುವು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಕುವೆಂಪು ಅವರ ನಾಡಗೀತೆಯ ಸಾಹಿತ್ಯದ ಬಗ್ಗೆ ತಕರಾರಿಲ್ಲ. ಮೈಸೂರು ಅನಂತಸ್ವಾಮಿ ಧಾಟಿಯೋ ಸಿ. ಅಶ್ವತ್ಥ್ ಧಾಟಿಯೋ ಎಂಬುದು ವರ್ಷಗಟ್ಟಲೆ ಎಳೆದಾಡಿ, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಹೊರಡಿಸಿತು. ಇನ್ನು ದಾಸರ ಪದಗಳಲ್ಲಿ ಬಹುಪಾಲಿಗೆ ಸಾಹಿತ್ಯ ಉಳಿದು ಮೂಲ ಮಟ್ಟು ಉಳಿದಿಲ್ಲ. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡಿದರೂ ಯಾರೂ ಅದನ್ನು ಕವರ್ ಎನ್ನುವುದಿಲ್ಲ. ಅಲ್ಲಿ ಹಕ್ಕು ಕೇಳುವವರಿಲ್ಲ, ಅಂಕಿತ ಮಾತ್ರ ಇದೆ.

ಎರಡು ಹಕ್ಕು, ಎರಡು ಜೇಬು

ಯಾರ ಹಾಡನ್ನು ಬೇಕಾದರೂ ಯಾರು ಬೇಕಾದರೂ ಹಾಡಿ ರೆಕಾರ್ಡ್ ಮಾಡಬಹುದೇ? ಅಮೆರಿಕದಲ್ಲಿ ಹೆಚ್ಚುಕಮ್ಮಿ ಹೌದು, ಇದಕ್ಕೆ ಕಾರಣ ತಾನೇ ನುಡಿಯುವ ಪಿಯಾನೋ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ತಾನಾಗಿ ನುಡಿಯುವ ಪಿಯಾನೋಗಳು ಮನೆಮನೆಗೆ ಬಂದವು. ಸುರುಳಿ ಮಾಡುವವರು ಸಂಗೀತ ರಚಿಸಿದವರಿಗೆ ಬಿಡಿಗಾಸೂ ಕೊಡುತ್ತಿರಲಿಲ್ಲ. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸುರುಳಿಯನ್ನು ಮನುಷ್ಯ ಕಣ್ಣಿಂದ ಓದಲಾರ, ಆದ್ದರಿಂದ ಅದು ಹಾಡಿನ ಪ್ರತಿಯಲ್ಲ ಎಂದು ತೀರ್ಪು ಕೊಟ್ಟಿತು. ಮರುವರ್ಷವೇ ಸಂಸತ್ತು ಕಾನೂನು ಬದಲಿಸಿ ರಚನಕಾರರಿಗೆ ಹಕ್ಕು ಕೊಟ್ಟಿತು. ಆದರೆ ಅಯೋಲಿಯನ್ ಎಂಬ ಸುರುಳಿ ಕಂಪನಿ ಹಾಡುಗಳ ಹಕ್ಕು ಹೊಂದಿದ್ದ ಪ್ರಕಾಶಕರ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡು ಎಲ್ಲ ಹಾಡುಗಳನ್ನೂ ಬಾಚಿಕೊಳ್ಳುವ ಹಾಗೆ ಕಂಡದ್ದರಿಂದ ಒಂದು ಷರತ್ತೂ ಹಾಕಿತು: ರಚನಕಾರರು ಒಬ್ಬರಿಗೆ ಅನುಮತಿ ಕೊಟ್ಟರೆ ಮುಗಿಯಿತು, ಆಮೇಲೆ ಪ್ರತಿಗೆ 2 ಸೆಂಟ್ ಕೊಟ್ಟು ಯಾರಾದರೂ ಮಾಡಿಕೊಳ್ಳಬಹುದು. ಆ 2 ಸೆಂಟ್ ದರ 1978ರವರೆಗೂ ಹಾಗೇ ಇತ್ತು! ಕವರ್ ಎಂಬ ಇಡೀ ಸಂಸ್ಕೃತಿ ನಿಂತಿರುವುದು ಈ ಷರತ್ತಿನ ಮೇಲೆ.

ಭಾರತದಲ್ಲಿ ಮೊದಲು ಎರಡು ವರ್ಷ ಕಳೆದರೆ ವರ್ಷನ್ ತರಬಹುದಿತ್ತು, ಕ್ಯಾಸೆಟ್ ಕಾಲದಲ್ಲಿ ಬೇರೆ ದನಿಯ ಹಳೇ ಸಿನಿಮಾ ಹಾಡುಗಳು ಸಾಲುಗಟ್ಟಿದ್ದು ಇಂಥ ಅವಕಾಶದಿಂದಲೇ. 2012ರ ತಿದ್ದುಪಡಿ ಅದನ್ನು ಐದು ವರ್ಷಕ್ಕೆ ಏರಿಸಿತು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿ ಕಟ್ಟಬೇಕೆಂದಿತು, ಇದು ಕವರ್ ಎಂದು ಹೊದಿಕೆಯ ಮೇಲೆ ನಮೂದಿಸಬೇಕೆಂದಿತು.

ಇಲ್ಲಿ ನೆನಪಿಡಬೇಕಾದದ್ದು, ಹಾಡಿನ ಮೇಲಿನ ಹಕ್ಕು ಒಂದು, ರೆಕಾರ್ಡಿಂಗ್ ಮೇಲಿನ ಹಕ್ಕು ಇನ್ನೊಂದು. ಅಮೆರಿಕದ ಸಾಮಾನ್ಯ ರೇಡಿಯೋದಲ್ಲಿ ಹಾಡು ಬಂದರೆ ದುಡ್ಡು ಹೋಗುವುದು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ, ಹಾಡಿದವರಿಗಲ್ಲ. ಅರೀತಾ ಫ್ರಾಂಕ್ಲಿನ್ ದನಿಯಲ್ಲಿ ‘ರೆಸ್ಪೆಕ್ಟ್’ ಅಲ್ಲಿನ ರೇಡಿಯೋದಲ್ಲಿ ಎಷ್ಟು ಸಲ ಮೊಳಗಿದರೂ ಅದರ ಪ್ರಸಾರದ ಹಣ ಅವರಿಗೆ ಬರಲಿಲ್ಲ. ಎತ್ತಿಕೊಂಡುಹೋದ ಹುಡುಗಿಗೆ ಕೀರ್ತಿ, ಕಳೆದುಕೊಂಡ ಹುಡುಗನ ಕಡೆಯವರಿಗೆ ಕಾಸು.

ಇದನ್ನು ಚೆನ್ನಾಗಿ ಅರಿತಿದ್ದವರು ಅಮೆರಿಕದ ಗಾಯಕಿ ಡಾಲಿ ಪಾರ್ಟನ್. ಗುರುವಿನಂತಿದ್ದ ಪೋರ್ಟರ್ ವ್ಯಾಗನರ್ ಅವರ ಟಿವಿ ಕಾರ್ಯಕ್ರಮ ಬಿಟ್ಟುಹೋಗುವಾಗ ಬೀಳ್ಕೊಡುಗೆಯಾಗಿ ಬರೆದ ‘ಐ ವಿಲ್ ಆಲ್ವೇಸ್ ಲವ್ ಯೂ’ 1974ರಲ್ಲಿ ಗೆದ್ದಿತು. ಎಲ್ವಿಸ್ ಪ್ರೆಸ್ಲಿ ಅದನ್ನು ಹಾಡಬೇಕೆಂದುಕೊಂಡರು. ಅವರ ಮ್ಯಾನೇಜರ್ ಪಾರ್ಕರ್, ಪ್ರಕಾಶನದ ಹಕ್ಕಿನಲ್ಲಿ ಅರ್ಧ ಬಿಟ್ಟುಕೊಟ್ಟರೆ ಮಾತ್ರ ಎಂದರು. ಪಾರ್ಟನ್ ರಾತ್ರಿಯಿಡೀ ಅತ್ತರಂತೆ, ಆದರೆ ಬಿಟ್ಟುಕೊಡಲಿಲ್ಲ. 1992ರಲ್ಲಿ ‘ದ ಬಾಡಿಗಾರ್ಡ್’ ಸಿನಿಮಾಕ್ಕೆ ವಿಟ್ನಿ ಹ್ಯೂಸ್ಟನ್ ಹಾಡಿದರು, ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ. ಹಾಡನ್ನು ಸಿದ್ಧ ಮಾಡುತ್ತಿದ್ದ ಡೇವಿಡ್ ಫಾಸ್ಟರ್ ಮುಂದಿದ್ದದ್ದು ಪಾರ್ಟನ್ ರೆಕಾರ್ಡಲ್ಲ, ಲಿಂಡಾ ರಾನ್‌ಸ್ಟಾಟ್ ಅವರ ಕವರ್. ಅದರಲ್ಲಿ ಕೊನೆಯ ಚರಣವೇ ಇರಲಿಲ್ಲ. ಪಾರ್ಟನ್ ಫೋನಿನಲ್ಲಿ ಆ ಚರಣ ಹೇಳಿಕೊಟ್ಟಿರದಿದ್ದರೆ ಜಗತ್ತು ಕೇಳುತ್ತಿದ್ದದ್ದು ಕವರ್‌ನ ಕವರ್, ಅದೂ ಅರೆಬರೆ.

ಟೇಲರ್ ಸ್ವಿಫ್ಟ್ ಪರಿಸ್ಥಿತಿ ಇದರ ಇನ್ನೊಂದು ಮಗ್ಗುಲು. ಬರೆದದ್ದರ ಹಕ್ಕು ಕೈಯಲ್ಲಿತ್ತು, ಮೊದಲ ಆರು ಆಲ್ಬಂಗಳ ರೆಕಾರ್ಡಿಂಗ್‌ಗಳು 2019ರಲ್ಲಿ ಬೇರೆಯವರಿಗೆ ಮಾರಾಟವಾದವು. 2021ರಿಂದ ಅವರು ತಮ್ಮ ಹಾಡುಗಳನ್ನು ತಾವೇ, ಆದಷ್ಟೂ ಮೊದಲಿನಂತೆಯೇ, ಮತ್ತೆ ಹಾಡಿ ಬಿಡುಗಡೆ ಮಾಡತೊಡಗಿದರು. ತನ್ನನ್ನೇ ತಾನು ಕವರ್ ಮಾಡಿಕೊಳ್ಳುವುದು! 2025ರಲ್ಲಿ ಹಳೆಯವನ್ನೂ ಕೊಂಡುಕೊಂಡರು.

ಮೂರನೇ ಟೇಕ್

ಎಲ್ಲ ಕಥೆಗಳಲ್ಲಿ ಹೊಟ್ಟೆ ಉರಿಸುವುದು ಸಾಲೊಮನ್ ಲಿಂಡಾ ಅವರದು. ದಕ್ಷಿಣ ಆಫ್ರಿಕಾದ ಜುಲು ಸಮುದಾಯದ ಲಿಂಡಾ ಓದುಬರಹ ಕಲಿತವರಲ್ಲ. ಜೋಹಾನ್ಸ್‌ಬರ್ಗಿನ ಗ್ಯಾಲೊ ರೆಕಾರ್ಡ್ ಕಂಪನಿಯ ಗೋದಾಮಿನಲ್ಲಿ ಕೆಲಸ, ಬಿಡುವಿನಲ್ಲಿ ‘ಈವ್ನಿಂಗ್ ಬರ್ಡ್ಸ್’ ಎಂಬ ತಂಡ ಕಟ್ಟಿಕೊಂಡು ಹಾಡು. 1939ರಲ್ಲಿ ಅದೇ ಕಂಪನಿಯ ಸ್ಟುಡಿಯೋದಲ್ಲಿ ಸಿಂಹದ ಮೇಲಿನ ‘ಎಂಬೂಬೆ’ ಹಾಡಿದರು. ಕೆಳಗೆ ಗಂಡು ದನಿಗಳ ದಪ್ಪ ಅಲೆ, ಮೇಲೆ ಲಿಂಡಾ ಅವರ ಕಳ್ಳದನಿ, ಅಂದರೆ ಸಹಜಕ್ಕಿಂತ ಎತ್ತರಕ್ಕೇರಿಸಿದ ತೆಳು ದನಿ. ಮೂರನೇ ಟೇಕ್ ಮುಗಿಯುವ ಹೊತ್ತಿಗೆ ಲಿಂಡಾ ಆ ಕ್ಷಣಕ್ಕೆ ಹೊಳೆದ ಒಂದು ಹೊಸ ಎಳೆಯನ್ನು ಹಾಡಿಬಿಟ್ಟರು. ಕೆಲವೇ ಸ್ವರ. ಮುಂದೆ ‘ದ ಲಯನ್ ಸ್ಲೀಪ್ಸ್ ಟುನೈಟ್’ ಎಂಬ ಹೆಸರಿನಲ್ಲಿ ಲೋಕವೆಲ್ಲ ಗುನುಗಿದ್ದು ಆ ಎಳೆಯನ್ನೇ. ಹಾಡಿನ ಹಕ್ಕು ಕಂಪನಿಗೆ ಹೋದದ್ದು 10 ಷಿಲ್ಲಿಂಗಿಗೆ.

ಆ ರೆಕಾರ್ಡಿನ ತಟ್ಟೆ ಅಮೆರಿಕಕ್ಕೆ ಹೋಗಿ ಜಾನಪದ ಗಾಯಕ ಪೀಟ್ ಸೀಗರ್ ಕೈಗೆ ಸಿಕ್ಕಿತು. ಕೇಳಿಸಿದಷ್ಟನ್ನು ಕೇಳಿಸಿದ ಹಾಗೆ ಬರೆದುಕೊಂಡು ಅವರ ‘ವೀವರ್ಸ್’ ತಂಡ ಅದನ್ನು ‘ವಿಮೊವೆ’ ಎಂದು ಹಾಡಿತು, 1952ರಲ್ಲಿ ಗೆದ್ದಿತು. 1961ರಲ್ಲಿ ಜಾರ್ಜ್ ವೈಸ್ ಇಂಗ್ಲಿಷ್ ಸಾಹಿತ್ಯ ಹೊಂದಿಸಿದರು, ‘ಟೋಕನ್ಸ್’ ತಂಡ ಹಾಡಿ ಅಮೆರಿಕದ ಪಟ್ಟಿಯ ತುದಿಗೆ ಮುಟ್ಟಿಸಿತು. ಲಿಂಡಾ ಮರುವರ್ಷ ಬಡತನದಲ್ಲೇ ತೀರಿಕೊಂಡರು. ಸಮಾಧಿಗೆ ಒಂದು ಕಲ್ಲು ನಿಲ್ಲಿಸಲೂ ಮನೆಯವರ ಬಳಿ ಹಣವಿರಲಿಲ್ಲ. 1994ರಲ್ಲಿ ಹಾಡು ಡಿಸ್ನಿಯ ‘ದ ಲಯನ್ ಕಿಂಗ್’ ಒಳಗೆ ಬಂತು.

2000ದಲ್ಲಿ ಪತ್ರಕರ್ತ ರಿಯಾನ್ ಮಲಾನ್ ಇದನ್ನೆಲ್ಲ ಕೆದಕಿ ಬರೆದ ಮೇಲೆ ವಕೀಲರು ಹಳೇ ಕಾನೂನು ಹುಡುಕತೊಡಗಿದರು. ಕೈಗೆ ಸಿಕ್ಕಿದ್ದು 1911ರ ಬ್ರಿಟಿಷ್ ಸಾಮ್ರಾಜ್ಯದ ಕೃತಿಸ್ವಾಮ್ಯ ಕಾಯಿದೆ. ಲೇಖಕ ಬದುಕಿದ್ದಾಗ ಹಕ್ಕನ್ನು ಎಷ್ಟು ಅಗ್ಗಕ್ಕೆ ಮಾರಿಕೊಂಡಿದ್ದರೂ ಸತ್ತು 25 ವರ್ಷಕ್ಕೆ ಅದು ವಾರಸುದಾರರಿಗೆ ಮರಳಬೇಕು ಎಂಬ ಕಲಮು ಅದರಲ್ಲಿತ್ತು. ಲಿಂಡಾ ಸತ್ತದ್ದು 1962ರಲ್ಲಿ, ಅಂದರೆ 1987ರಲ್ಲಿ ಹಕ್ಕು ಹೆಣ್ಣುಮಕ್ಕಳ ಕೈ ಸೇರಬೇಕಿತ್ತು. 2004ರಲ್ಲಿ ಡಿಸ್ನಿ ಮೇಲೆ ದಾವೆ, 2006ರಲ್ಲಿ ಹಾಡಿನ ಹಕ್ಕು ಹೊಂದಿದ್ದ ಕಂಪನಿಯೊಂದಿಗೆ ರಾಜಿ. ಕುಟುಂಬಕ್ಕೆ ಹಣ ಬಂತು, ಲಿಂಡಾ ಹೆಸರು ರಚನಕಾರರ ಸಾಲಿಗೆ ಸೇರಿತು. ವಸಾಹತು ಆಳಿದವರ ಕಾಯಿದೆಯೇ ವಸಾಹತಿನ ಪ್ರಜೆಯ ಮಕ್ಕಳನ್ನು ಕಾಯಿತು ಎನ್ನುವುದು ವಿಚಿತ್ರ, ಆದರೆ ನಿಜ.

ಬರೆದವರೇ ಇಲ್ಲದ ಹಾಡು

ರಚನಕಾರರು ಯಾರೆಂದೇ ತಿಳಿಯದ ಜಾನಪದ ಹಾಡಾದರೆ? ‘ದ ಹೌಸ್ ಆಫ್ ದ ರೈಸಿಂಗ್ ಸನ್’ ಅಂಥದು. ನ್ಯೂ ಆರ್ಲಿಯನ್ಸಿನ ಒಂದು ಮನೆ ಹೊಕ್ಕು ಬಾಳು ಹಾಳಾದವರ ಹಾಡು. 1933ರಲ್ಲಿ ಕ್ಲಾರೆನ್ಸ್ ಆಶ್ಲಿ ರೆಕಾರ್ಡ್ ಮಾಡಿದ್ದರು. 1937ರಲ್ಲಿ ಜಾನಪದ ಸಂಗ್ರಾಹಕ ಆಲನ್ ಲೊಮ್ಯಾಕ್ಸ್ ಕೆಂಟಕಿಯಲ್ಲಿ ಜಾರ್ಜಿಯಾ ಟರ್ನರ್ ಎಂಬ ಹದಿನಾರರ ಹುಡುಗಿಯಿಂದ ಹಾಡಿಸಿಕೊಂಡರು. ನ್ಯೂಯಾರ್ಕಿನ ಜಾನಪದ ಗಾಯಕ ಡೇವ್ ವ್ಯಾನ್ ರಾಂಕ್ ಅದರ ಕಾರ್ಡ್‌ಗಳನ್ನು ಹೊಸದಾಗಿ ಜೋಡಿಸಿದರು. ಆ ಜೋಡಣೆಯನ್ನು ಬಾಬ್ ಡಿಲನ್ ತಮ್ಮ ಮೊದಲ ಆಲ್ಬಂಗೆ ರೆಕಾರ್ಡ್ ಮಾಡಿಯಾದ ಮೇಲೆ ವ್ಯಾನ್ ರಾಂಕ್ ಬಳಿ ಬಂದು, ಮಾಡಲೇ ಎಂದು ಕೇಳಿದರಂತೆ. ಆಮೇಲೆ ವ್ಯಾನ್ ರಾಂಕ್ ಹಾಡಿದರೆ, ಡಿಲನ್ ಹಾಡು ಕದ್ದಿದ್ದಾನೆ ಎಂದು ಜನ ಅನ್ನತೊಡಗಿದರು, ಅವರು ಹಾಡುವುದನ್ನೇ ಬಿಟ್ಟರು. 1964ರಲ್ಲಿ ಇಂಗ್ಲೆಂಡಿನ ‘ಆ್ಯನಿಮಲ್ಸ್’ ತಂಡ ಹೆಣ್ಣಿನ ಹಾಡನ್ನು ಗಂಡಿನದಾಗಿ ಮಾಡಿ ಒಂದೇ ಟೇಕ್‌ನಲ್ಲಿ ಮುಗಿಸಿತು. ಈಗ ಡಿಲನ್ ಹಾಡಿದರೆ, ಆ್ಯನಿಮಲ್ಸ್‌ನಿಂದ ಕದ್ದದ್ದು ಎಂದರು. ಡಿಲನ್ ಕೂಡ ಬಿಟ್ಟರು. ವ್ಯಾನ್ ರಾಂಕ್ ಈ ಕಥೆಯನ್ನು ಬಹಳ ಖುಷಿಯಿಂದ ಹೇಳುತ್ತಿದ್ದರು.

ಇಂಥ ಹಾಡಿನಲ್ಲಿ ಮೂಲದ ಹಕ್ಕು ಯಾರಿಗೂ ಇಲ್ಲ, ಆದರೆ ಸಂಯೋಜನೆಯ ಹಕ್ಕು ಉಂಟು. ರೆಕಾರ್ಡಿನ ಮೇಲೆ ‘ಸಾಂಪ್ರದಾಯಿಕ, ಸಂಯೋಜನೆ ಇಂಥವರು’ ಎಂದು ಹಾಕಿಸಿಕೊಂಡವರಿಗೆ ರಾಯಲ್ಟಿ. ಆ್ಯನಿಮಲ್ಸ್‌ನಲ್ಲಿ ಐವರಿದ್ದರು. ಲೇಬಲ್ ಮೇಲೆ ಐದೂ ಹೆಸರಿಗೆ ಜಾಗ ಸಾಲುವುದಿಲ್ಲ ಎಂದು ಕಾರಣ ಹೇಳಿ ಆರ್ಗನ್ ನುಡಿಸಿದ ಆಲನ್ ಪ್ರೈಸ್ ಹೆಸರೊಂದನ್ನೇ ಹಾಕಲಾಯಿತು. ಹಾಡಿದವರು ಎರಿಕ್ ಬರ್ಡನ್. ಆರಂಭದ ಆ ಗಿಟಾರ್, ಕಲಿಯಲು ಕೂತ ಪ್ರತಿಯೊಬ್ಬರೂ ಮೊದಲು ನುಡಿಸಲು ನೋಡುವ ಗಿಟಾರ್, ಹಿಲ್ಟನ್ ವ್ಯಾಲೆಂಟೈನ್ ಅವರದು. ಸಂಯೋಜನೆಯ ರಾಯಲ್ಟಿ ಪ್ರೈಸ್ ಒಬ್ಬರಿಗೇ ಹೋಯಿತು.